ಗಾಳಿ ತಿಂದ ಸುಣ್ಣ

ಅಜ್ಜಿಯ ಎಲೆ-ಅಡಿಕೆ ಸಂಚಿಯಲ್ಲಿ ಹಿತ್ತಾಳೆಯ ಒಂದು ಸುಣ್ಣದ ಡಬ್ಬಿ ಇರುತ್ತಿತ್ತು. ಅಡಿಕೆಗಿಂತ ತುಸು ದೊಡ್ಡದು, ಅಷ್ಟೇ. ಎಲೆಯ ಬೆನ್ನಿಗೆ ಸುಣ್ಣ ಸವರಿ ಕೊಡುವ ಕೆಲಸ ನನ್ನದು. ಮುಚ್ಚಳ ಹಾಕಲು ಮರೆಯುವ ಕೆಲಸವೂ ನನ್ನದೇ. “ಡಬ್ಬಿ ಮುಚ್ಚೋ, ಗಾಳಿ ಸುಣ್ಣಾ ತಿಂತದ” ಎಂದು ಅಜ್ಜಿ ಬೈಯುತ್ತಿದ್ದಳು. ರಾತ್ರಿಯೆಲ್ಲ ತೆರೆದಿಟ್ಟರೆ ಬೆಳಿಗ್ಗೆ ಸುಣ್ಣದ ಮೇಲೆ ತೆಳ್ಳನೆಯ ಹಕ್ಕಳೆ ಕಟ್ಟಿರುತ್ತಿತ್ತು. ಹಾಗೇ ಬಿಟ್ಟರೆ ಉಗುರಿಗೂ ಬಗ್ಗದ ಬಿಲ್ಲೆ. ಅದನ್ನು ಎಷ್ಟು ಕೆರೆದು ಎಲೆಗೆ ಹಚ್ಚಿದರೂ ಬಾಯಿ ಕೆಂಪಗಾಗುತ್ತಿರಲಿಲ್ಲ.

ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ಗೊತ್ತಾಯಿತು, ತಿಂದದ್ದು ಗಾಳಿಯಲ್ಲ, ಸುಣ್ಣ. ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡನ್ನು ಹಸಿ ಸುಣ್ಣ ನುಂಗಿ ಕಲ್ಲಾಗುತ್ತದೆ. ಆದರೂ ಅಜ್ಜಿಯನ್ನು ತಿದ್ದಬೇಕೆನ್ನಿಸಲಿಲ್ಲ. “ಗಾಳಿ ತಿಂದ ಸುಣ್ಣ” ಎಂದರೆ ಕನ್ನಡದಲ್ಲಿ ಎರಡೂ ಅರ್ಥ ಬರುತ್ತದಲ್ಲ.

ಸುಣ್ಣದ ಭಟ್ಟಿಯಲ್ಲಿ ನಡೆಯುವುದು ಇದರ ಉಲ್ಟಾ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದಾಗ ಅದು ಕರಗುವುದಿಲ್ಲ, ಉರಿಯುವುದೂ ಇಲ್ಲ, ಹಗುರಾಗುತ್ತದೆ. ಶುದ್ಧವಾದ 100 ಕಿಲೋ ಕಲ್ಲು ತುಂಬಿದರೆ ಕೈಗೆ ಸಿಗುವುದು 56 ಕಿಲೋ ಸುಟ್ಟ ಸುಣ್ಣ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ, ಕಣ್ಣಿಗೆ ಕಾಣದೆ, ಭಟ್ಟಿಯ ಬಾಯಿಂದ ಹೊರಟು ಹೋಗಿರುತ್ತದೆ. ಹಬ್ಬದ ಹಿಂದಿನ ವಾರ ಆ ಸುಟ್ಟ ಸುಣ್ಣವನ್ನು ಬಾನಿಯ ನೀರಿಗೆ ಹಾಕಿ ಅರಳಿಸುವಾಗ ಅದು ಕೊತಕೊತ ಕುದಿಯುತ್ತಿತ್ತು. ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲ. ಗೋಡೆಗೆ ಬಳಿದ ಹೊಸತರಲ್ಲಿ ಒಳಗಿನ ಮಣ್ಣು ಕಾಣುವಂತೆ ಮಂಕಾಗಿದ್ದ ಸುಣ್ಣ ಮರುದಿನ ಕಣ್ಣು ಕುಕ್ಕುವಷ್ಟು ಬೆಳ್ಳಗಾಗುತ್ತಿತ್ತು. ನೀರು ಆರಿದ್ದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ನಿಧಾನದ್ದು. ಒಲೆಯ ಹೊಗೆಯಿಂದ, ಮಲಗಿದವರ ಉಸಿರಿನಿಂದ, ಕಿಟಕಿಯಿಂದ ಬಂದ ಗಾಳಿಯಿಂದ ಆ ಸುಣ್ಣ ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಅಣು ಅಣುವಾಗಿ ವಾಪಸು ಪಡೆಯುತ್ತಿರುತ್ತದೆ. ಸುಣ್ಣ ಬಳಿದ ಗೋಡೆ ಎಂದರೆ ಕಾಗದದಷ್ಟು ತೆಳ್ಳನೆಯ ಸುಣ್ಣಕಲ್ಲಿನ ಹೊದಿಕೆ ಹೊದ್ದ ಗೋಡೆ.

ಈ ಹೋಗಿಬರುವ ಅನಿಲವನ್ನು ಮೊದಲು ತಕ್ಕಡಿಯಲ್ಲಿ ಹಿಡಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಆಗ ಮೂತ್ರಕೋಶದ ಕಲ್ಲಿಗೆ ಸುಣ್ಣದ ತಿಳಿನೀರನ್ನು ಔಷಧಿಯೆಂದು ಕುಡಿಸುತ್ತಿದ್ದರು. ಅದಕ್ಕಿಂತ ಸೌಮ್ಯವಾದದ್ದು ಏನಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದ ಈ ವೈದ್ಯ ವಿದ್ಯಾರ್ಥಿ, ಕಾಯಿಸಿದ ಪುಡಿ ಏಕೆ ಹಗುರಾಗುತ್ತದೆ ಎಂಬ ಪ್ರಶ್ನೆಗೆ ಸಿಕ್ಕಿಬಿದ್ದರು. 1754ರಲ್ಲಿ ಎಡಿನ್‌ಬರೋದಲ್ಲಿ ಸಲ್ಲಿಸಿದ ಪ್ರಬಂಧದಿಂದ ಹೊರಬಂದ ಉತ್ತರ: ಘನವಸ್ತುವಿನೊಳಗೆ ಒಂದು ಬಗೆಯ ಗಾಳಿ ಕಟ್ಟುಬಿದ್ದು ಕೂತಿರಬಲ್ಲದು, ಕಾಯಿಸಿದರೆ ಬಿಡಿಸಿಕೊಂಡು ಹೋಗುತ್ತದೆ. ಅವರು ಅದನ್ನು “ಸ್ಥಿರ ಗಾಳಿ” ಎಂದು ಕರೆದರು. ಗಾಳಿ ಎಂದರೆ ಒಂದೇ ವಸ್ತು ಎಂದು ಅರಿಸ್ಟಾಟಲನ ಕಾಲದಿಂದ ನಂಬಿದ್ದ ಜಗತ್ತಿಗೆ ಇದು ಸಣ್ಣ ಸುದ್ದಿಯಲ್ಲ.

ಬ್ಲ್ಯಾಕ್ ಬಳಸಿದ ಪರೀಕ್ಷೆಯನ್ನು ನೀವೂ ಮಾಡಿ ನೋಡಬಹುದು. ಎಲೆ-ಅಡಿಕೆಯ ಸುಣ್ಣವನ್ನು ಒಂದು ಲೋಟ ನೀರಿಗೆ ಕದಡಿ, ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಅದರೊಳಗೆ ಕೊಳವೆಯಿಂದ ಊದಿ. ನಮ್ಮ ಶಾಲೆಯಲ್ಲಿ ಗಾಜಿನ ಕೊಳವೆ ಒಂದೇ ಇತ್ತು, ಅದೂ ಮೇಷ್ಟ್ರ ಕೈಯಲ್ಲಿ. ನಾವು ಪಪ್ಪಾಯಿ ಎಲೆಯ ದಂಟು ಮುರಿದು ತರುತ್ತಿದ್ದೆವು. ಹತ್ತು ಹದಿನೈದು ಉಸಿರಿಗೆ ತಿಳಿನೀರು ಹಾಲಾಗುತ್ತದೆ. ಆ ಬಿಳುಪು ಬೇರೇನಲ್ಲ, ನಿಮ್ಮ ಉಸಿರಿನಿಂದ ಹುಟ್ಟಿದ ಸುಣ್ಣಕಲ್ಲಿನ ಪುಡಿ. (ಊದಬೇಕು, ಹೀರಬಾರದು. ನಮ್ಮ ತರಗತಿಯಲ್ಲಿ ಒಬ್ಬ ಹೀರಿದ್ದ.) ಇಲ್ಲಿಗೆ ಪಾಠ ಮುಗಿಯಿತೆಂದು ಮೇಷ್ಟ್ರು ಲೋಟ ಎತ್ತಿಡುತ್ತಿದ್ದರು. ಆದರೆ ಹಟ ಹಿಡಿದು ಊದುತ್ತಲೇ ಹೋದರೆ ಇನ್ನೊಂದು ಸಂಗತಿ ನಡೆಯುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ. ಸಮುದ್ರದ ಹತ್ತಿರ ಹೋದಾಗ ಬೇಕಾಗುತ್ತದೆ.

*

ಗಾಳಿಯಲ್ಲಿ ಈ ಅನಿಲ ಇರುವುದು ಎಷ್ಟು? ಹತ್ತು ಲಕ್ಷ ಅಣುಗಳನ್ನು ಎಣಿಸಿದರೆ ಸುಮಾರು 425. ವಿಜ್ಞಾನಿಗಳು ಇದನ್ನು 425 ಪಿಪಿಎಂ ಎನ್ನುತ್ತಾರೆ. ಯಾರ ಗೊಡವೆಗೂ ಹೋಗದೆ, ಯಾವುದರ ಜೊತೆಗೂ ಸೇರದೆ ತೆಪ್ಪಗಿರುವ ಆರ್ಗಾನ್ ಕೂಡ ಇದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚಿದೆ. ಇಷ್ಟು ಅಲ್ಪ ಪ್ರಮಾಣದ್ದು ಏನು ತಾನೆ ಮಾಡೀತು ಎಂದು ಕೇಳುವವರು ಇಂದಿಗೂ ಇದ್ದಾರೆ. ಅವರಿಗೆ ಅಂಗಳದ ಬೇವಿನ ಮರ ತೋರಿಸಬೇಕು.

ಯಾನ್ ಬಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ಫ್ಲಾಂಡರ್ಸ್ ಪ್ರಾಂತದ ವೈದ್ಯರು ಒಂದು ದೊಡ್ಡ ಕುಂಡಕ್ಕೆ ಒಣಗಿಸಿದ 200 ಪೌಂಡ್ ಮಣ್ಣು ತೂಗಿ ಹಾಕಿ, 5 ಪೌಂಡಿನ ವಿಲೋ ಸಸಿ ನೆಟ್ಟರು. ಐದು ವರ್ಷ ನೀರು ಬಿಟ್ಟು ಬೇರೇನೂ ಕೊಡಲಿಲ್ಲ. ಕೊನೆಗೆ ಕಿತ್ತು ತೂಗಿದಾಗ ಮರ 169 ಪೌಂಡ್. ಮಣ್ಣು ಕಡಿಮೆಯಾದದ್ದು ಎರಡೇ ಔನ್ಸ್. ಮರ ಮಣ್ಣನ್ನು ತಿಂದು ಬೆಳೆಯುವುದಿಲ್ಲ ಎಂದು ಇದಕ್ಕಿಂತ ಚೆನ್ನಾಗಿ ತೋರಿಸಲು ಸಾಧ್ಯವಿಲ್ಲ. ಹಾಗಾದರೆ 164 ಪೌಂಡ್ ಬಂದದ್ದು ಎಲ್ಲಿಂದ? ನೀರಿನಿಂದ ಎಂದು ಅವರು ಬರೆದರು. ಅವರ ಮರಣಾನಂತರ 1648ರಲ್ಲಿ ಪ್ರಕಟವಾದ ಅದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವೂ ಇದೆ. 62 ಪೌಂಡ್ ಇದ್ದಿಲು ಸುಟ್ಟರೆ ಉಳಿಯುವ ಬೂದಿ ಒಂದೇ ಪೌಂಡ್. ಉಳಿದ 61 ಪೌಂಡ್ ಕಾಣದ ಏನೋ ಆಗಿ ಹೋಗುತ್ತದೆ. ಆ ಕಾಣದ್ದಕ್ಕೆ ಅವರೇ ಒಂದು ಹೊಸ ಹೆಸರು ಕಟ್ಟಿದರು: ಗ್ಯಾಸ್. ಇವತ್ತು ನಾವು ಸಿಲಿಂಡರ್ ಬುಕ್ ಮಾಡುವಾಗ ಹೇಳುವ ಶಬ್ದ ಅದೇ.

ಮರ ಸುಟ್ಟರೆ ಗ್ಯಾಸ್ ಬರುತ್ತದೆ ಎಂದು ಬರೆದ ಅದೇ ಕೈ, ಆ ಗ್ಯಾಸಿನಿಂದಲೇ ಮರ ಆಗಿರಬಹುದು ಎಂದು ಬರೆಯಲಿಲ್ಲ. ಪ್ರಶ್ನೆ ಮತ್ತು ಉತ್ತರ ಒಂದೇ ಪುಸ್ತಕದ ಬೇರೆ ಬೇರೆ ಪುಟಗಳಲ್ಲಿ ಪರಸ್ಪರ ಪರಿಚಯವಿಲ್ಲದೆ ಕೂತಿದ್ದವು. ಅವುಗಳ ಭೇಟಿ ಮಾಡಿಸಲು ಇನ್ನೂ ಒಂದೂವರೆ ಶತಮಾನ ಬೇಕಾಯಿತು. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಲೆಯ ಕೆಲಸಕ್ಕೆ ಬೆಳಕು ಬೇಕು ಎಂದರು, ಆಮೇಲೆ ಜಿನೀವಾದ ಸೆನೆಬಿಯರ್ ಆ ಕೆಲಸಕ್ಕೆ “ಸ್ಥಿರ ಗಾಳಿ” ಬೇಕು ಎಂದರು, 1804ರಲ್ಲಿ ಅದೇ ಊರಿನ ಡಿ ಸೋಸ್ಯೂರ್ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಎರಡನ್ನೂ ತೂಗಿ ಲೆಕ್ಕ ಕೂಡಿಸಿದರು. ತೊಲೆ, ಬಾಗಿಲು, ನೇಗಿಲು, ಪುಸ್ತಕದ ಹಾಳೆ, ತಟ್ಟೆಯಲ್ಲಿನ ರೊಟ್ಟಿ, ರೊಟ್ಟಿ ತಿಂದ ಮೈ ಇವೆಲ್ಲದರ ಇಂಗಾಲ ಒಂದು ಕಾಲಕ್ಕೆ ಗಾಳಿಯಲ್ಲಿತ್ತು. ಆ ಹತ್ತು ಲಕ್ಷದಲ್ಲಿನ 425ರಿಂದ ಬಂದದ್ದು.

ಅದನ್ನು ಹಿಡಿದು ತರುವ ಎಲೆಯೊಳಗಿನ ಕಿಣ್ವದ ಹೆಸರು ರುಬಿಸ್ಕೊ. ಜಗತ್ತಿನ ಅನ್ನದಾತ ಎಂದು ಇದನ್ನು ಹೊಗಳುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಜಡ ನೌಕರ ಇನ್ನೊಬ್ಬನಿಲ್ಲ. ಬೇರೆ ಕೆಲವು ಕಿಣ್ವಗಳು ಸೆಕೆಂಡಿಗೆ ಸಾವಿರಾರು ಕೆಲಸ ಮುಗಿಸುವಾಗ ಇದು ಮುಗಿಸುವುದು ಮೂರೋ ನಾಲ್ಕೋ. ಸಾಲದ್ದಕ್ಕೆ ತಪ್ಪುಗಳು: ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದುಕೊಂಡು, ಮಾಡಿದ ಕೆಲಸವನ್ನು ತಾನೇ ಕೆಡಿಸುತ್ತದೆ. ಬಿಸಿಲು ಏರಿದಷ್ಟೂ ಈ ತಪ್ಪು ಹೆಚ್ಚು. ಗಿಡಗಳು ಇದಕ್ಕೆ ಕಂಡುಕೊಂಡ ಒಂದು ಉಪಾಯ, ನೌಕರರ ಸಂಖ್ಯೆ ಹೆಚ್ಚಿಸುವುದು. ಹಾಗಾಗಿಯೇ ಇದು ಭೂಮಿಯ ಮೇಲೆ ಅತಿ ಹೇರಳವಾಗಿರುವ ಪ್ರೋಟೀನುಗಳಲ್ಲಿ ಒಂದು.

ಇನ್ನೊಂದು ಉಪಾಯ ಹೆಚ್ಚು ಚತುರವಾದದ್ದು. ಜೋಳದ ಎಲೆಯೊಂದನ್ನು ಬೆಳಕಿಗೆ ಹಿಡಿದು ನೋಡಿ, ನರಗಳು ಎಷ್ಟು ಒತ್ತೊತ್ತಾಗಿವೆ ಎಂದು. ಪ್ರತಿ ನರದ ಸುತ್ತ ಜೀವಕೋಶಗಳ ಒಂದು ಬಿಗಿಯಾದ ಉಂಗುರವಿದೆ. ಹೊರಗಿನ ಕೋಶಗಳು ಇಂಗಾಲದ ಡೈಆಕ್ಸೈಡನ್ನು ಬೇರೊಂದು ಕಿಣ್ವದಿಂದ ಹಿಡಿದು, ಈ ಉಂಗುರದೊಳಗೆ ತಂದು ಸುರಿಯುತ್ತವೆ. ರುಬಿಸ್ಕೊ ಕೂತಿರುವುದು ಒಳಗೆ. ಸುತ್ತಲೂ ಇಂಗಾಲದ ಡೈಆಕ್ಸೈಡೇ ತುಂಬಿರುವಾಗ ತಪ್ಪು ಮಾಡಲು ಅದಕ್ಕೆ ಆಸ್ಪದವೇ ಇಲ್ಲ. ಜೋಳ, ರಾಗಿ, ಸಜ್ಜೆ, ನವಣೆ, ಮೆಕ್ಕೆಜೋಳ, ಕಬ್ಬು ಎಲ್ಲ ಈ ಗುಂಪಿನವು. ಹಿಡಿದೊಡನೆ ಮೊದಲು ಕಟ್ಟುವ ಅಣುವಿನಲ್ಲಿ ನಾಲ್ಕು ಇಂಗಾಲ ಇರುವುದರಿಂದ ಇವನ್ನು ಸಿ-4 ಸಸ್ಯಗಳೆನ್ನುತ್ತಾರೆ. ಭತ್ತ, ಗೋಧಿ, ತೊಗರಿ, ತೆಂಗು ಹಳೆಯ ಪದ್ಧತಿಯ ಸಿ-3. ಸುಮಾರು ಮೂರು ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬರಗಾಲ ಬಿದ್ದಾಗ ಹುಲ್ಲುಗಳು ಕಲಿತ ವಿದ್ಯೆ ಇದು. ಬಿಸಿಲನಾಡಿನ ಹೊಲಗಳಲ್ಲಿ ಜೋಳ, ರಾಗಿ ನಿಂತಿರುವುದು ಆ ಹಳೆಯ ಬರದ ಫಲ.

ಗಾಳಿಯಲ್ಲಿ ಈ ಅನಿಲ ಹೆಚ್ಚಾದರೆ ಬೆಳೆಗೆ ಒಳ್ಳೆಯದಲ್ಲವೇ ಎಂಬ ವಾದ ಇಲ್ಲಿಂದಲೇ ಹುಟ್ಟುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಭತ್ತ, ಗೋಧಿಯಂಥವಕ್ಕೆ ಲಾಭ ಉಂಟು, ಜೋಳ-ರಾಗಿಗೆ ಅಷ್ಟಿಲ್ಲ. ಅವು ಈಗಾಗಲೇ ಉಂಡು ತೃಪ್ತ. ಆದರೆ 550 ಪಿಪಿಎಂ ಆಸುಪಾಸಿನ ಗಾಳಿಯಲ್ಲಿ ಬಯಲಲ್ಲೇ ಬೆಳೆದ ಗೋಧಿಯ ಕಾಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸತು ಶೇ. 9ರಷ್ಟು, ಕಬ್ಬಿಣ ಶೇ. 5ರಷ್ಟು ಕಡಿಮೆ ಇತ್ತು. ಚೀಲ ತುಂಬಿತು, ಸತ್ವ ತೆಳುವಾಯಿತು. ಜೊತೆಗೆ ಬರುವ ಬಿಸಿಯ ಲೆಕ್ಕ ಬೇರೆ.

*

ಹೀಗೆ ಎಲೆ ಕಟ್ಟಿದ್ದನ್ನು ನಾವು ಬಿಚ್ಚುತ್ತೇವೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಉಸಿರಿನಲ್ಲಿ ಬಿಡುತ್ತಾನೆ; ಹೊರಬಿಡುವ ಉಸಿರಿನಲ್ಲಿ ಅದು ಶೇ. 4ರಷ್ಟು, ಎಂದರೆ ಹೊರಗಿನ ಗಾಳಿಗಿಂತ ನೂರು ಪಟ್ಟು. ಇದು ಭೂಮಿ ಬಿಸಿಯಾಗಲು ಕಾರಣವಲ್ಲ, ಯಾಕೆಂದರೆ ಹೋದ ಸುಗ್ಗಿಯಲ್ಲಿ ಬೆಳೆ ಗಾಳಿಯಿಂದ ಪಡೆದದ್ದನ್ನೇ ಈ ವರ್ಷ ಊಟ ಮಾಡಿ ವಾಪಸು ಕೊಡುತ್ತಿದ್ದೇವೆ. ಕೈಗಡ ತೀರಿಸಿದಂತೆ. ದೇಹಕ್ಕೆ ಅದು ಬರಿಯ ಕಸವೂ ಅಲ್ಲ. ಉಸಿರು ಕಟ್ಟಿದಾಗ ಎದೆಯಲ್ಲಿ ಹುಟ್ಟುವ ತಳಮಳ ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದಕ್ಕಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ. ಮಿದುಳಿನ ಬುಡ ಲೆಕ್ಕ ಇಡುವುದು ಇದರದ್ದು. ಬಾವಿಯಲ್ಲಿ ಯಾರು ಹೆಚ್ಚು ಹೊತ್ತು ಮುಳುಗುತ್ತಾರೆಂದು ಪಂದ್ಯ ಕಟ್ಟುವ ಹುಡುಗರು ಮೊದಲು ಜೋರಾಗಿ ಹತ್ತಿಪ್ಪತ್ತು ಸಲ ಉಸಿರಾಡಿಕೊಳ್ಳುವುದುಂಟು. ಆಗ ಈ ಅನಿಲ ತೀರಾ ಇಳಿದು, ಎಚ್ಚರಿಕೆಯ ಗಂಟೆಯೇ ಬಾರಿಸದೆ, ನೀರಿನೊಳಗೇ ಎಚ್ಚರ ತಪ್ಪಬಹುದು.

ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವು ತೆಗೆದ ದಿನ ಯಾರೂ ತಕ್ಷಣ ಇಳಿಯುತ್ತಿರಲಿಲ್ಲ. ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಕಾಳು ಸತ್ತದ್ದಲ್ಲ, ಕತ್ತಲೆಯಲ್ಲಿ ಅದೂ ಉಸಿರಾಡುತ್ತದೆ. ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಆದ್ದರಿಂದ ನೀರಿನಂತೆ ತಳದಲ್ಲಿ ನಿಲ್ಲುತ್ತದೆ. 1986ರ ಆಗಸ್ಟ್ 21ರ ರಾತ್ರಿ ಆಫ್ರಿಕದ ಕ್ಯಾಮರೂನಿನಲ್ಲಿ ನಿಯೋಸ್ ಎಂಬ ಸರೋವರದ ಆಳದಲ್ಲಿ ಕರಗಿ ಕೂತಿದ್ದ ಇದೇ ಅನಿಲ ಒಮ್ಮೆಲೇ ನೊರೆಯೆದ್ದು ಕಣಿವೆಗೆ ಹರಿಯಿತು. ಬೆಳಗಾಗುವಷ್ಟರಲ್ಲಿ ಸುಮಾರು 1,700 ಜನ, ಸಾವಿರಾರು ದನಗಳು ಬಿದ್ದಲ್ಲೇ ಸತ್ತಿದ್ದವು. ಅನ್ನ ಕೊಡುವ ಅನಿಲವೇ ಇದು. ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ ಎಲ್ಲಿಂದ ಹೊರಟು ಎಲ್ಲಿಗೆ, ಎಷ್ಟು ಬೇಗ ಹೋಗುತ್ತಿದೆ ಎಂದು ಕೇಳುವುದು ಮೇಲು.

*

1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಎರಡು ಗಾಜಿನ ಕೊಳವೆಗಳನ್ನು ಬಿಸಿಲಿಗಿಟ್ಟರು. ಒಂದರಲ್ಲಿ ಮಾಮೂಲಿ ಗಾಳಿ, ಇನ್ನೊಂದರಲ್ಲಿ ಇಂಗಾಲದ ಡೈಆಕ್ಸೈಡ್, ಒಳಗೆ ಉಷ್ಣಮಾಪಕಗಳು. ಎರಡನೆಯದು ಹೆಚ್ಚು ಕಾದಿತು, ನೆರಳಿಗೆ ತಂದರೆ ಆರಲು ಎಷ್ಟೋ ಹೆಚ್ಚು ಹೊತ್ತು ಹಿಡಿಯಿತು. ಇಂಥ ಅನಿಲ ಹೆಚ್ಚಿದ್ದ ಕಾಲದಲ್ಲಿ ಭೂಮಿಯೂ ಹೆಚ್ಚು ಬಿಸಿಯಿದ್ದಿರಬೇಕು ಎಂದು ಅವರು ಆಗಲೇ ಬರೆದರು. ಆಲ್ಬನಿಯಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಆ ಲೇಖನ ಓದಿದ್ದು ಫೂಟ್ ಅಲ್ಲ, ಜೋಸೆಫ್ ಹೆನ್ರಿ ಎಂಬ ವಿಜ್ಞಾನಿ. ಆಮೇಲೆ ಎಲ್ಲರೂ ಮರೆತರು. 2011ರಲ್ಲಿ ಅದನ್ನು ಹಳೆಯ ಸಂಪುಟಗಳಿಂದ ಹೆಕ್ಕಿ ಹೊರತಂದವರು ಒಬ್ಬ ನಿವೃತ್ತ ಪೆಟ್ರೋಲಿಯಂ ಭೂವಿಜ್ಞಾನಿ ಎಂಬುದು ನನಗೆ ಇಷ್ಟವಾದ ತಮಾಷೆ.

ಬಿಸಿಲು ಮತ್ತು ನೆಲದಿಂದ ವಾಪಸು ಹೋಗುವ ಕಾವು ಬೇರೆ ಬೇರೆ ಎಂಬುದನ್ನು ಫೂಟ್ ಪ್ರಯೋಗ ಬೇರ್ಪಡಿಸಿರಲಿಲ್ಲ. 1859ರಿಂದ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಅದನ್ನು ಮಾಡಿದರು. ಸಾರಜನಕ, ಆಮ್ಲಜನಕ ಎರಡೂ ಅವಕೆಂಪು ಕಿರಣಗಳನ್ನು ಸಲೀಸಾಗಿ ದಾಟಲು ಬಿಡುತ್ತವೆ. ಗಾಳಿಯ ನೂರಕ್ಕೆ 99 ಪಾಲು ಈ ವಿಷಯದಲ್ಲಿ ತೆರೆದ ಬಾಗಿಲು. ಹಿಡಿಯುವುದು ನೀರಾವಿ, ಇಂಗಾಲದ ಡೈಆಕ್ಸೈಡ್‌ನಂಥ ಕೆಲವು. ಈ ಹಿಡಿತ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಮೈನಸ್ 18 ಡಿಗ್ರಿ ಆಗಿರುತ್ತಿತ್ತು. ಇರುವುದು ಸುಮಾರು 15. ನಡುವಿನ 33 ಡಿಗ್ರಿಯಲ್ಲಿ ನದಿ, ಹೊಲ, ನಾವು.

1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಕೈಯಲ್ಲೇ ಸಾವಿರಾರು ಲೆಕ್ಕ ಹಾಕಿ, ಈ ಅನಿಲ ಎರಡು ಪಟ್ಟಾದರೆ ಭೂಮಿ 5ರಿಂದ 6 ಡಿಗ್ರಿ ಬಿಸಿಯಾಗುತ್ತದೆ ಎಂದರು. ಈಗಿನ ಅಂದಾಜು ಸುಮಾರು 3. ಕಂಪ್ಯೂಟರ್ ಇಲ್ಲದ ಕಾಲದ ಲೆಕ್ಕಕ್ಕೆ ಇದು ಮೆಚ್ಚಬೇಕಾದ ಹತ್ತಿರ. ಅದು ಸಾವಿರಾರು ವರ್ಷದ ಮೇಲಿನ ಮಾತು, ಚಳಿಯ ದೇಶದವರಿಗೆ ಒಳ್ಳೆಯದೇ ಎಂದು ಅವರು ಭಾವಿಸಿದ್ದರು.

ಅವರನ್ನು ಅರ್ಧ ಶತಮಾನ ಮೂಲೆಗೆ ಕೂರಿಸಿದ್ದು ಅವರದೇ ದೇಶದ ಕ್ನುಟ್ ಆಂಗ್‌ಸ್ಟ್ರೋಮ್ 1900ರಲ್ಲಿ ಎತ್ತಿದ ಆಕ್ಷೇಪ. ಕೊಳವೆಯೊಂದರಲ್ಲಿನ ಅನಿಲವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿದರೂ ಅದು ಹೀರುವ ಕಾವಿನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹಿಡಿಯಬೇಕಾದದ್ದನ್ನೆಲ್ಲ ಆಗಲೇ ಹಿಡಿದಾಗಿದೆ, ಇನ್ನಷ್ಟು ಸುರಿದರೆ ಏನು ಫಲ? ಈ ಪ್ರಶ್ನೆ ಈಗಲೂ ಫೋನಿನಿಂದ ಫೋನಿಗೆ ಓಡಾಡುತ್ತದೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಕಾವು ನೆಲದಿಂದ ಒಂದೇ ಜಿಗಿತಕ್ಕೆ ಆಕಾಶ ಸೇರುವುದಿಲ್ಲ. ತೇರಿನ ದಿನ ಜನಜಂಗುಳಿಯ ನಡುವಿನಿಂದ ಹೊರಬರುವವನಂತೆ ಒಂದು ಪದರದಿಂದ ಇನ್ನೊಂದಕ್ಕೆ ಹಿಡಿಸಿಕೊಂಡು, ಬಿಡಿಸಿಕೊಂಡು ಮೇಲೇರುತ್ತದೆ. ಜನ ತೆಳುವಾದ ಅಂಚಿಗೆ ಬಂದ ಮೇಲಷ್ಟೇ ಅದು ಸ್ವತಂತ್ರ. ಜಂಗುಳಿ ಹೆಚ್ಚಿದರೆ ನಡುವೆ ಇದ್ದ ಒತ್ತಡದಲ್ಲಿ ಹೆಚ್ಚು ಫರಕು ಕಾಣದು, ನಿಜ. ಆದರೆ ಅಂಚು ಇನ್ನೂ ದೂರ ಸರಿಯುತ್ತದೆ. ವಾತಾವರಣದಲ್ಲಿ ಅಂಚು ದೂರ ಸರಿಯುವುದೆಂದರೆ ಮೇಲಕ್ಕೆ ಸರಿಯುವುದು. ಮೇಲೆ ಚಳಿ, ಒಂದು ಕಿಲೋಮೀಟರಿಗೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ತಣ್ಣಗಿನ ಪದರ ಆಕಾಶಕ್ಕೆ ಬಿಡುವ ಕಾವು ಕಡಿಮೆ. ಒಳಬರುವ ಬಿಸಿಲು ಮಾತ್ರ ಮೊದಲಿನಷ್ಟೇ. ಜಮಾ-ಖರ್ಚು ಸರಿಹೋಗುವವರೆಗೆ ಕೆಳಗಿನದೆಲ್ಲ ಬಿಸಿಯಾಗಲೇಬೇಕು. ಆಂಗ್‌ಸ್ಟ್ರೋಮ್ ಅಳತೆ ತೀರಾ ಹುಸಿಯೇನಲ್ಲ, ಅವರ ಕೊಳವೆಗೆ ಎತ್ತರ ಇರಲಿಲ್ಲ. ಈ ವಿವರಣೆ ನಿಜವಾದರೆ ಕೆಳಗಿನ ಗಾಳಿ ಬಿಸಿಯಾಗುವಾಗ ವಾಯುಮಂಡಲದ ಮೇಲಿನ ಮಹಡಿಯಾದ ಸ್ತರಗೋಳ ತಣ್ಣಗಾಗಬೇಕು. ಉಪಗ್ರಹಗಳು ಕಂಡದ್ದು ಅದನ್ನೇ. ಸೂರ್ಯನ ಕಾವೇ ಹೆಚ್ಚಿದ್ದರೆ ಎರಡೂ ಬಿಸಿಯಾಗಬೇಕಿತ್ತು.

*

1958ರ ಮಾರ್ಚ್‌ನಲ್ಲಿ ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಮೈಮೇಲೆ, 3,397 ಮೀಟರ್ ಎತ್ತರದಲ್ಲಿ, ಚಾರ್ಲ್ಸ್ ಡೇವಿಡ್ ಕೀಲಿಂಗ್ ಎಂಬ ವಿಜ್ಞಾನಿ ಈ ಅನಿಲವನ್ನು ಅಳೆಯಲು ಇಡಿಸಿದ ಉಪಕರಣ ಮೊದಲ ಅಂಕಿ ಬರೆಯಿತು: 313 ಪಿಪಿಎಂ. ಮುಂದಿನ ತಿಂಗಳು ಏರಿತು, ಮೇ ನಂತರ ಇಳಿಯಿತು, ಚಳಿಗಾಲಕ್ಕೆ ಮತ್ತೆ ಏರಿತು. ಉಪಕರಣ ಕೆಟ್ಟಿದೆ ಎಂಬ ಅನುಮಾನ ಬಂದರೆ ತಪ್ಪಲ್ಲ. ಎರಡನೆಯ ವರ್ಷವೂ ಅದೇ ಏರಿಳಿತ ಬಂದಾಗ ಅರ್ಥವಾಯಿತು. ಉತ್ತರಾರ್ಧ ಗೋಳದ ಕಾಡು, ಹೊಲಗಳೆಲ್ಲ ಬೇಸಿಗೆಯಲ್ಲಿ ಚಿಗುರಿ ಉಸಿರೆಳೆದುಕೊಂಡು, ಚಳಿಗಾಲದಲ್ಲಿ ಎಲೆ ಉದುರಿ ಕೊಳೆತು ಉಸಿರು ಬಿಡುತ್ತಿವೆ. ಭೂಮಿಯ ನಾಡಿ ಒಂದು ಕಾಗದದ ಸುರುಳಿಯ ಮೇಲೆ ಕಂಡ ಮೊದಲ ಸಲ ಅದು. ಆದರೆ ಪ್ರತಿ ವರ್ಷದ ಉಸಿರು ಹಿಂದಿನ ವರ್ಷಕ್ಕಿಂತ ಒಂದು ಮೆಟ್ಟಿಲು ಮೇಲಿತ್ತು. 2024ರ ಸರಾಸರಿ 424 ದಾಟಿದೆ. ಅಂಟಾರ್ಕ್ಟಿಕದ ಹಿಮದೊಳಗೆ ಗುಳ್ಳೆಗಳಾಗಿ ಸಿಕ್ಕಿಬಿದ್ದ ಎಂಟು ಲಕ್ಷ ವರ್ಷಗಳ ಗಾಳಿಯನ್ನು ತೆಗೆದು ನೋಡಿದರೆ ಅದು 300ರ ಗಡಿ ಮೀರಿದ್ದೇ ಇಲ್ಲ. ಕೈಗಾರಿಕೆಗಳು ಶುರುವಾಗುವ ಮುನ್ನ 280 ಇತ್ತು.

ಹೆಚ್ಚಾದದ್ದು ನಮ್ಮದೇ ಎಂದು ಹೇಗೆ ಗೊತ್ತು? ಇಲ್ಲಿ ಜೋಳದ ಎಲೆ ಮತ್ತೆ ಬರುತ್ತದೆ. ಇಂಗಾಲದಲ್ಲಿ ಹಗುರಾದ 12 ಮತ್ತು ತುಸು ಭಾರದ 13 ಎಂಬ ಎರಡು ಸ್ಥಿರ ಐಸೊಟೋಪುಗಳಿವೆ. ರುಬಿಸ್ಕೊಗೆ ಹಗುರಾದದ್ದೇ ಇಷ್ಟ. ಭತ್ತದ ಎಲೆಯಲ್ಲಿ ಅದು ಆರಿಸಿಕೊಳ್ಳುತ್ತದೆ. ಜೋಳದ ಉಂಗುರದೊಳಗೆ ಬಂದದ್ದನ್ನೆಲ್ಲ ತಿನ್ನಬೇಕು, ಆಯ್ಕೆ ಕಡಿಮೆ. ಹಾಗಾಗಿ ಜೀವನವಿಡೀ ಜೋಳದ ರೊಟ್ಟಿ ತಿಂದವರ ಕೂದಲನ್ನೂ ಅನ್ನ ಉಂಡವರ ಕೂದಲನ್ನೂ ಪ್ರಯೋಗಾಲಯದಲ್ಲಿ ಬೇರೆ ಮಾಡಿ ಹೇಳಬಹುದು. ಕಲ್ಲಿದ್ದಲು, ಪೆಟ್ರೋಲು ಹಳೆಯ ಸಸ್ಯ-ಪಾಚಿಗಳ ದೇಹ. ಅವುಗಳಲ್ಲೂ ಭಾರದ 13 ಕಡಿಮೆ. ಜೊತೆಗೆ, 5,730 ವರ್ಷಕ್ಕೆ ಅರ್ಧದಂತೆ ಸವೆಯುವ ಇಂಗಾಲ-14 ಕೋಟ್ಯಂತರ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಉಳಿದೇ ಇಲ್ಲ. ಗಾಳಿಯಲ್ಲಿ 14ರ ಪಾಲು ತೆಳುವಾಗುತ್ತಿರುವುದನ್ನು 1955ರಲ್ಲೇ ಹಾನ್ಸ್ ಸೂಸ್ ಮರದ ಉಂಗುರಗಳಲ್ಲಿ ಕಂಡಿದ್ದರು. 13ರ ಪಾಲೂ ಇಳಿಯುತ್ತಿದೆ. ಕೀಲಿಂಗ್ ಅವರ ಮಗ ರಾಲ್ಫ್ ದಶಕಗಳಿಂದ ಅಳೆಯುತ್ತಿರುವ ಆಮ್ಲಜನಕವೂ, ಏನೋ ಉರಿಯುತ್ತಿದ್ದರೆ ಆಗಬೇಕಾದಂತೆ, ಚೂರುಚೂರೇ ಇಳಿಯುತ್ತಿದೆ. ಮೂರು ಸಾಕ್ಷಿಗಳು, ಒಂದೇ ಹೇಳಿಕೆ.

*

ವಿಜಯಪುರದ ಕಡೆಯ ಎರೆಹೊಲದಲ್ಲಿ ಮಳೆ ಬಂದ ಮರುದಿನ ನಡೆದರೆ ಕಾಲಿಗೆ ಒಂದೊಂದು ಕಿಲೋ ಮಣ್ಣು ಅಂಟುತ್ತದೆ. ಆ ಮಣ್ಣು ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್ನಿನಲ್ಲಿ ಉಕ್ಕಿ ಹರಿದ ಲಾವಾ. ಉಕ್ಕುವಾಗ ಅದು ಗಾಳಿಗೆ ಅಪಾರ ಇಂಗಾಲದ ಡೈಆಕ್ಸೈಡ್ ಬಿಟ್ಟಿತು. ತಣ್ಣಗಾಗಿ ಬಸಾಲ್ಟ್ ಕಲ್ಲಾದ ದಿನದಿಂದ ಅದನ್ನು ವಾಪಸು ನುಂಗುತ್ತಿದೆ. ಮಳೆಹನಿ ಗಾಳಿಯಲ್ಲಿ ಇಳಿದು ಬರುವಾಗ ಈ ಅನಿಲವನ್ನು ಕರಗಿಸಿಕೊಂಡು ಬಲು ಸಪ್ಪೆಯ ಸೋಡಾ ಆಗುತ್ತದೆ. ಆ ಸೋಡಾ ಕಲ್ಲನ್ನು ತಿಂದು ಎರೆಮಣ್ಣು ಮಾಡುತ್ತದೆ, ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟನ್ನು ಭೀಮಾ, ಕೃಷ್ಣೆಯರ ನೀರಿಗೆ ಸೇರಿಸುತ್ತದೆ. ಒಂದಿಷ್ಟು ಹೊಲದಲ್ಲೇ ಬಿಳಿಯ ಸುಣ್ಣದ ಹರಳುಗಳಾಗಿ ಉಳಿಯುತ್ತದೆ. ಉಳಿದದ್ದು ಬಂಗಾಳ ಕೊಲ್ಲಿ ಸೇರಿ, ಚಿಪ್ಪಾಗಿ, ತಳಕ್ಕಿಳಿದು, ಯುಗಗಳ ನಂತರ ಸುಣ್ಣಕಲ್ಲು. ಆ ಕಲ್ಲು ಭೂಫಲಕಗಳ ಜೊತೆ ಆಳಕ್ಕೆ ಹೋಗಿ ಬೆಂದರೆ ಜ್ವಾಲಾಮುಖಿಯ ಬಾಯಿಂದ ಅನಿಲ ಮತ್ತೆ ಗಾಳಿಗೆ. ಸುಣ್ಣದ ಭಟ್ಟಿಯೇ, ಸುತ್ತು ಮುಗಿಯಲು ಕೋಟಿಗಟ್ಟಲೆ ವರ್ಷ ಹಿಡಿಯುವಂಥದ್ದು. ಭೂಮಿ ಬಿಸಿಯಾದರೆ ಮಳೆ ಹೆಚ್ಚಿ ಕಲ್ಲು ಬೇಗ ಸವೆಯುತ್ತದೆ, ಅನಿಲ ಇಳಿಯುತ್ತದೆ. ತಣ್ಣಗಾದರೆ ಸವೆತ ನಿಧಾನ, ಅನಿಲ ಕೂಡಿಕೊಳ್ಳುತ್ತದೆ. 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು ಇದನ್ನು ಭೂಮಿಯ ಉಷ್ಣ ನಿಯಂತ್ರಕವೆಂದು ವಿವರಿಸಿದರು.

ನಿಯಂತ್ರಕ ಇದೆ ಎಂದು ನೆಮ್ಮದಿಯಿಂದ ಇರಲು ಲೆಕ್ಕ ಬಿಡುವುದಿಲ್ಲ. ಜಗತ್ತಿನ ಜ್ವಾಲಾಮುಖಿಗಳೆಲ್ಲ ವರ್ಷಕ್ಕೆ ಉಗುಳುವುದು, ಬಂಡೆಗಳೆಲ್ಲ ಕೂಡಿ ನುಂಗುವುದು ಒಂದೊಂದೂ, ನಾವು ಕಲ್ಲಿದ್ದಲು-ಎಣ್ಣೆ-ಅನಿಲ ಸುಟ್ಟು, ಸಿಮೆಂಟಿಗೆ ಸುಣ್ಣಕಲ್ಲು ಬೇಯಿಸಿ ಬಿಡುವ ಸುಮಾರು 3,700 ಕೋಟಿ ಟನ್ನಿನಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸು. ಬಂಡೆಗಳ ಒಂದು ವರ್ಷದ ದುಡಿಮೆಯನ್ನು ನಾವು ವಾರದೊಳಗೆ ಖರ್ಚು ಮಾಡುತ್ತೇವೆ. ಬಸಾಲ್ಟ್ ಪುಡಿಯನ್ನು ಹೊಲಗಳಿಗೆ ಎರಚಿ ಸವೆತದ ವೇಗ ಹೆಚ್ಚಿಸುವ ಪ್ರಯೋಗಗಳು ಭಾರತದಲ್ಲೂ ನಡೆಯುತ್ತಿವೆ. ಕಲ್ಲು ಅರೆಯಲು, ಸಾಗಿಸಲು ಸುಡುವ ಡೀಸೆಲ್ ಕಳೆದು ಎಷ್ಟು ಉಳಿಯುತ್ತದೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ನಾವು ಬಿಟ್ಟದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಗಾಳಿಯಲ್ಲೇ ನಿಲ್ಲುತ್ತದೆ. ಉಳಿದದ್ದನ್ನು ಕಾಡು-ಮಣ್ಣು ಮತ್ತು ಸಮುದ್ರ ಹಂಚಿಕೊಳ್ಳುತ್ತವೆ. ಸಮುದ್ರದ ಪಾಲು ಕಾಲು ಭಾಗ. ಈಗ ಆ ಲೋಟಕ್ಕೆ ವಾಪಸು ಬನ್ನಿ. ಹಾಲಿನಂತಾದ ತಿಳಿನೀರಿಗೆ ಊದುತ್ತಲೇ ಹೋದರೆ ಕೆನ್ನೆ ನೋಯುವ ಹೊತ್ತಿಗೆ ಬಿಳುಪು ಕಡಿಮೆಯಾಗತೊಡಗುತ್ತದೆ. ಮೊದಲ ಉಸಿರುಗಳು ಕಟ್ಟಿದ ಸುಣ್ಣಕಲ್ಲನ್ನು ನಂತರದ ಉಸಿರುಗಳು ಕರಗಿಸತೊಡಗಿದವು. ಕೊಳವೆಬಾವಿಯ ನೀರಿನಲ್ಲಿ ಸುಣ್ಣ ಕಾಣದಂತೆ ಕೂತಿರುವುದು ಹೀಗೆಯೇ; ಕಾಯಿಸಿದರೆ ಅನಿಲ ಹೋಗಿ ಹಂಡೆಯ ಒಳಮೈಗೆ ಬಿಳಿ ಪದರ ಕಟ್ಟುತ್ತದೆ. ಸಮುದ್ರ ಆ ಲೋಟದಷ್ಟು ಕೆಟ್ಟಿಲ್ಲ, ಅದು ಇಂದಿಗೂ ಕ್ಷಾರೀಯವೇ. ಆದರೆ ಅದರ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ದಶಾಂಶದಲ್ಲಿ ಒಂದೇ ಅಂಕಿ, ಆಮ್ಲೀಯತೆಯಲ್ಲಿ ಶೇ. 30ರಷ್ಟು ಏರಿಕೆ. ಚಿಪ್ಪು ಕಟ್ಟುವ ಜೀವಿಗಳಿಗೆ, ಹವಳಗಳಿಗೆ ಬೇಕಾದ ಕಾರ್ಬನೇಟ್ ಅಷ್ಟರಮಟ್ಟಿಗೆ ದುರ್ಲಭವಾಗಿದೆ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡಿದವರಿಗೆ ಆ ಚಿಪ್ಪಿನೊಳಗೆ ಗಾಳಿ ಇದೆ ಎಂದು ಹೇಳಿಕೊಡಬೇಕಾಗಿಲ್ಲ.

ಅಜ್ಜಿ ತೀರಿಕೊಂಡದ್ದು 1987ರಲ್ಲಿ. ಸಂಚಿ ಯಾರ ಪಾಲಾಯಿತೋ, ಡಬ್ಬಿ ನನ್ನ ಹತ್ತಿರ ಉಳಿಯಿತು, ಮುಚ್ಚಳ ಅರೆಬರೆ ಹಾಕಿದ್ದು. ಒಳಗಿನ ಸುಣ್ಣ ಆ ವರ್ಷವೇ ಕಲ್ಲಾಗಿತ್ತು. ಆಗ ಮೌನಾ ಲೋವಾದ ಸರಾಸರಿ 349. ಮೊನ್ನೆ ಮೇಜಿನ ಮೇಲಿಟ್ಟುಕೊಂಡು ಆ ಬಿಲ್ಲೆಯ ಅಂಚಿಗೆ ಎರಡು ಹನಿ ನಿಂಬೆರಸ ಬಿಟ್ಟೆ. ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಎದ್ದು, ಒಂದಕ್ಕೊಂದು ಅಂಟಿ, ಒಡೆದು ಹೋದವು. 349ರ ಗಾಳಿಯಿಂದ ಸುಣ್ಣ ತಿಂದಿದ್ದದ್ದು 425ರ ಗಾಳಿಗೆ ಸೇರಿತು. ಬಿಲ್ಲೆಯನ್ನು ಒರೆಸಿ ಡಬ್ಬಿಯಲ್ಲಿಟ್ಟು, ಈ ಸಲ ಮುಚ್ಚಳ ಬಿಗಿಯಾಗಿ ಹಾಕಿದೆ.